ಹೊಂಗೆ ಮರದ ಕೆಳಗಿನ ಮತ

ದೊಡ್ಡಮಾದಮ್ಮನಿಗೆ ಓದಲು ಬರುತ್ತಿರಲಿಲ್ಲ. ಆದರೆ ಕತೆಯ ವಿಷಯ ಬಂದಾಗ ಅವಳೆದುರು ಬಾಯಿಬಿಡುವ ಮೊದಲು ಗುಂಡ್ಲುಪೇಟೆಯಲ್ಲಿ ಎಂಥವರೂ ಎರಡು ಸಲ ಯೋಚನೆ ಮಾಡುತ್ತಿದ್ದರು. ಅವಳು ಹುಟ್ಟಿದ್ದು ಪುಣಜನೂರಿನಲ್ಲಿ, ಕಾಡಿನ ಅಂಚಿನಲ್ಲಿ. ಆನೆ ಇಳಿದಿದೆ ಎಂದು ಸುದ್ದಿ ಬಂದ ಸಂಜೆ ಯಾರೂ ಹೊರಗೆ ಹೋಗುವಂತಿರಲಿಲ್ಲ. ಆಗ ಅವಳ ಅಜ್ಜಿ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಕತೆ ಹೇಳುತ್ತಿದ್ದಳು. ಅಜ್ಜಿಯದು ಒಂದೇ ಕಟ್ಟುನಿಟ್ಟು. ಕೇಳುವವರಲ್ಲಿ ಯಾರಾದರೂ ಒಬ್ಬರು ಹ್ಞೂಂ ಅನ್ನುತ್ತಿರಬೇಕು. ಹ್ಞೂಂ ನಿಂತರೆ ಕತೆಯೂ ನಿಂತಿತು, ರಾಜಕುಮಾರ ಬಾವಿಯೊಳಗೆ ಇದ್ದರೆ ಬಾವಿಯೊಳಗೇ ಇರಲಿ. ಐದನೇ ವಯಸ್ಸಿಗೇ ಹ್ಞೂಂ ಅನ್ನುವ ಕೆಲಸ ಮಾದಮ್ಮನ ಪಾಲಿಗೆ ಬಂತು.

ಅದನ್ನು ಸಸಾರದ ಕೆಲಸ ಅಂದುಕೊಳ್ಳಬೇಡಿ. ಬೇಗ ಅಂದರೆ ಹೇಳುವವರ ಮಾತು ತುಂಡಾಗುತ್ತದೆ, ತಡವಾಗಿ ಅಂದರೆ ಕೇಳುವವರಿಗೆ ನಿದ್ದೆ ಬಂತೇನೋ ಅನಿಸುತ್ತದೆ. ಮದುವೆಯ ಹ್ಞೂಂ ಬೇರೆ, ಸಾವಿನ ಹ್ಞೂಂ ಬೇರೆ. ಸರಿಯಾಗಿ ಹ್ಞೂಂ ಅನ್ನಬೇಕಾದರೆ ಕತೆ ಒಂದು ಅಕ್ಷರವೂ ತಪ್ಪದೆ ಒಳಗೆ ಇಳಿಯಬೇಕು. ಮಾದಮ್ಮನಿಗೆ ಹಾಗೆ ಇಳಿದ ಕತೆ ಮತ್ತೆ ಹೊರಟುಹೋದದ್ದೇ ಇಲ್ಲ.

ಹದಿನಾರಕ್ಕೆ ಚಿಕ್ಕಮಾದುವನ್ನು ಮದುವೆಯಾಗಿ ಗುಂಡ್ಲುಪೇಟೆಗೆ ಬಂದಳು. ಅವನು ಕಲ್ಲಿಕೋಟೆ ಲಾರಿಗಳಿಗೆ ಮೂಟೆ ಹೊರುತ್ತಿದ್ದ. ಅವಳು ಶಂಭುಲಿಂಗಪ್ಪನವರ ಈರುಳ್ಳಿ ಮಂಡಿಯಲ್ಲಿ ಕೂತು ಒಳ್ಳೆಯದು ಕೆಟ್ಟದ್ದು ಆರಿಸುತ್ತಿದ್ದಳು. ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಸಾಕು, ಮೇಲೆ ಎಷ್ಟೇ ಹೊಳೆಯಲಿ, ಒಳಗೆ ಕೊಳೆತದ್ದು ಅವಳಿಗೆ ಗೊತ್ತಾಗುತ್ತಿತ್ತು. ಅವಳು ಆರಿಸಿದ ಚೀಲವನ್ನು ಶಂಭುಲಿಂಗಪ್ಪ ಬಿಚ್ಚಿ ನೋಡುತ್ತಿರಲಿಲ್ಲ. ಈರುಳ್ಳಿಯಲ್ಲಿ ಅವಳ ಮಾತು ನಂಬುತ್ತಿದ್ದ ಮನುಷ್ಯ ಕತೆಯಲ್ಲಿ ನಂಬದೇ ಹೋದದ್ದೇ ಮುಂದಿನ ರಗಳೆಗೆಲ್ಲ ಕಾರಣ.

ಶಂಭುಲಿಂಗಪ್ಪ ಊರಿನ ವಾಚನಾಲಯದ ಅಧ್ಯಕ್ಷರೂ ಹೌದು. ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆ, ಎರಡು ಬೆಂಚು, ರಸ್ತೆಯ ಕಡೆಗೆ ಒಂದು ಬಾಗಿಲು, ಒಂದು ಕಿಟಕಿ. ಸದಸ್ಯರು ಹತ್ತು ಜನ. ಅಲ್ಲಿಗೆ ತಿಂಗಳಿಗೊಮ್ಮೆ ‘ಕೌತುಕಲೋಕ’ ಅಂತ ಒಂದು ಪತ್ರಿಕೆ ಬರುತ್ತಿತ್ತು. ಅದರಲ್ಲಿ ಇದ್ದದ್ದೆಲ್ಲ ಈ ಲೋಕದಲ್ಲಿ ನಡೆಯದ ಕತೆಗಳೇ. ಬಂದದ್ದು ಒಂದೇ ಪ್ರತಿ, ಓದಬೇಕಾದವರು ಹತ್ತು ಜನ. ಯಾರು ಮೊದಲು ಮನೆಗೆ ಒಯ್ಯಬೇಕು ಅಂತ ಎರಡು ತಿಂಗಳು ಜಗಳವಾಡಿದ ಮೇಲೆ ಒಂದು ಏರ್ಪಾಡಾಯಿತು. ಪ್ರತಿ ಶನಿವಾರ ಸಂಜೆ ಗಂಗಾಧರಸ್ವಾಮಿ ಮೇಷ್ಟ್ರು ಗಟ್ಟಿಯಾಗಿ ಓದುವುದು, ಮಿಕ್ಕವರು ಕೇಳುವುದು. ಮೇಷ್ಟ್ರ ಗಂಟಲು ದೊಡ್ಡದು. ಒಳಗಿನ ಹತ್ತು ಜನಕ್ಕೆ ಅದು ಹೆಚ್ಚಾಗಿ ಹೊರಗೂ ಕೇಳುತ್ತಿತ್ತು.

ಹೊರಗೆ ಒಂದು ಹೊಂಗೆ ಮರ. ಮಂಡಿಯ ಕೆಲಸ ಮುಗಿಸಿದ ಹೆಂಗಸರು, ಮೂಟೆ ಹೊರುವವರು, ಲಾರಿ ತುಂಬುವುದನ್ನು ಕಾಯುವ ಕ್ಲೀನರುಗಳು ಅದರ ಕೆಳಗೆ ಕೂರುತ್ತಿದ್ದರು. ಮರದ ಕೆಳಗೇ ಯಾಕೆ ಎಂದರೆ, ಬಾಗಿಲು ಪಡುವಣಕ್ಕಿತ್ತು. ಸಂಜೆಯ ಬಿಸಿಲಲ್ಲಿ ಹೊರಗೆ ನಿಂತವರ ನೆರಳು ಉದ್ದಕ್ಕೆ ಹೋಗಿ ಒಳಗೆ ಕೂತವರ ಮೇಲೆ ಬೀಳುತ್ತಿತ್ತು. ಮರದ ನೆರಳಿನೊಳಗೆ ಕೂತರೆ ಮನುಷ್ಯರ ನೆರಳು ಬೇರೆಯಾಗಿ ಬೀಳುವುದಿಲ್ಲ. ಹಾಗೆ ಕೂರಿ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅಸ್ಪೃಶ್ಯತೆ ಅಪರಾಧ ಎಂಬ ಕಾನೂನು ಐವತ್ತೈದನೇ ಇಸವಿಯಲ್ಲಿ ಬಂದಾಗ ಆ ಸುದ್ದಿಯನ್ನು ಮೇಷ್ಟ್ರು ಇದೇ ಕಿಟಕಿಯ ಪಕ್ಕ ಕೂತು ಓದಿದ್ದರು. ಮಾದಮ್ಮ ಅದಕ್ಕೂ ಹ್ಞೂಂ ಅಂದಿದ್ದಳು. ಮುಂದಿನ ಶನಿವಾರವೂ ಎಲ್ಲರೂ ಮರದ ಕೆಳಗೇ ಕೂತಿದ್ದರು.

ಮೊದಮೊದಲು ಅವಳ ಹ್ಞೂಂ ಕೇಳಿ ಮೇಷ್ಟ್ರಿಗೆ ಸಿಟ್ಟು ಬರುತ್ತಿತ್ತು. ‘ಇದೇನು ಅಜ್ಜಿ ಕತೆಯೇನಮ್ಮ?’ ಎಂದು ಗದರಿದ್ದೂ ಉಂಟು. ನಾಲ್ಕು ವಾರ ಕಳೆಯುವುದರೊಳಗೆ ಅದಿಲ್ಲದೆ ಅವರಿಗೆ ಹಾಳೆ ತಿರುಗಿಸಲು ಕೈ ಬರದಾಯಿತು. ಒಂದು ವಾಕ್ಯ ಮುಗಿಸಿ ಕಿಟಕಿಯ ಕಡೆ ನೋಡುವರು. ‘ಹ್ಞೂಂ’ ಬರುವುದು. ಮುಂದಕ್ಕೆ ಹೋಗುವರು.

ಒಳಗಿನ ಹತ್ತು ಜನರಲ್ಲಿ ಎರಡು ಪಕ್ಷ. ಮೇಷ್ಟ್ರದು ರಾಕೆಟ್ಟಿನ ಪಕ್ಷ. ಆ ವರ್ಷ ಬಂದ ‘ಚಂದ್ರನಲ್ಲಿ ಒಂಬತ್ತು ದಿನ’ ಎಂಬ ಕತೆಗೆ ಅವರು ಪ್ರಾಣ ಕೊಡಲೂ ತಯಾರಿದ್ದರು. ಶಂಭುಲಿಂಗಪ್ಪನವರದು ರಾಜರು, ಮಾಟ, ಮಂತ್ರದ ಪಕ್ಷ. ಅವರ ಕತೆ ‘ಏಳು ಬಾಗಿಲ ಕೋಟೆ’.

‘ಇನ್ನು ಇಪ್ಪತ್ತು ವರ್ಷದೊಳಗೆ ಮನುಷ್ಯ ಚಂದ್ರನ ಮೇಲೆ ಕಾಲಿಡ್ತಾನೆ, ಬರೆದಿಟ್ಟುಕೊಳ್ಳಿ,’ ಎನ್ನುವರು ಮೇಷ್ಟ್ರು.

‘ಚಂದ್ರ ಇರದು ಶಿವನ ತಲೆ ಮ್ಯಾಲೆ. ಅಲ್ಲಿ ಕಾಲಿಕ್ಕನ ಅಂತೀರಲ್ಲ ಮೇಷ್ಟ್ರೇ, ಕೊರಳಲ್ಲಿ ಲಿಂಗ ಕಟ್ಕಂಡು!’ ಎಂದು ಶಂಭುಲಿಂಗಪ್ಪ ಅನ್ನುತ್ತಲೇ ಅವರ ಪಕ್ಷದವರೆಲ್ಲ ತೊಡೆ ತಟ್ಟಿ ನಗುವರು. ಮೇಷ್ಟ್ರು ಸಿಟ್ಟಿನಲ್ಲಿ ಸೀಮೆಸುಣ್ಣ ತೆಗೆದು ಗೋಡೆಯ ಮೇಲೇ ರಾಕೆಟ್ಟಿನ ಚಿತ್ರ ಬರೆದು ತೋರಿಸುವರು. ಕತೆಗಿಂತ ಈ ಜಗಳ ಕೇಳಲಿಕ್ಕೇ ಬರುವವರೂ ಇದ್ದರು.

ಮಾದಮ್ಮನಿಗೆ ಎರಡೂ ಕತೆ ಇಷ್ಟವೇ. ಆದರೆ ಅವಳ ಎದೆಗೆ ನಾಟಿದ್ದು ಮೂರನೆಯದು. ಅದರ ಹೆಸರು ‘ನೆರಳಿಲ್ಲದ ಊರು’. ಒಂದು ಊರಿನಲ್ಲಿ ಒಬ್ಬ ದೀಪ ಮಾಡುವವನು. ಅವನು ಎಂಥದೋ ಹೊಸ ಬೆಳಕು ಕಂಡುಹಿಡಿಯುತ್ತಾನೆ. ಅದು ಎಲ್ಲ ಕಡೆಯಿಂದಲೂ ಒಂದೇ ಸಮ ಬೀಳುತ್ತದೆ, ಹಾಗಾಗಿ ಊರಲ್ಲಿ ಯಾರಿಗೂ ನೆರಳೇ ಇರುವುದಿಲ್ಲ. ಯಾರನ್ನು ಕಂಡರೆ ಯಾರು ಸರಿಯಬೇಕು ಎಂದು ಗೊತ್ತಾಗದೆ ದೊಡ್ಡವರೆಲ್ಲ ಕಂಗಾಲಾಗುತ್ತಾರೆ. ಕಡೆಗೆ ದೀಪ ಆರಿಸಿ ಎಲ್ಲರಿಗೂ ಅವರವರ ನೆರಳು ವಾಪಸು ಕೊಡಿಸುತ್ತೇವೆ ಎನ್ನುತ್ತಾರೆ. ಆಗ ಒಬ್ಬ ಮಡಕೆ ಮಾಡುವ ಮುದುಕಿ ಎದ್ದು, ‘ನಿಮ್ಮ ನೆರಳು ಬೇಕಾದರೆ ನೀವು ಹೊತ್ತುಕೊಳ್ಳಿ. ನಾವು ನಮ್ಮದನ್ನು ಸಾಕಷ್ಟು ದಿನ ಎಳೆದಿದ್ದೇವೆ’ ಎಂದು ಹೇಳಿ ದೀಪದ ಮುಂದೆ ಅಡ್ಡ ನಿಲ್ಲುತ್ತಾಳೆ. ಅಲ್ಲಿಗೆ ಕತೆ ಮುಗಿಯುತ್ತದೆ. ಅದನ್ನು ಕೇಳಿದ ಸಂಜೆ ಮಾದಮ್ಮನಿಗೆ ಕಡೆಯ ಹ್ಞೂಂ ಬಾಯಿಂದ ಬರಲಿಲ್ಲ. ಮೇಷ್ಟ್ರು ಕಿಟಕಿಯಿಂದ ಬಗ್ಗಿ ನೋಡಿದರು. ಅವಳು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು.

ಡಿಸೆಂಬರ್ ಸಂಚಿಕೆ ಬಂತು. ವರ್ಷದ ಅತ್ಯುತ್ತಮ ಕತೆಗೆ ಓದುಗರ ಪದಕ ಕೊಡುತ್ತೇವೆ, ಆರಿಸಬೇಕಾದವರು ಓದುಗರೇ, ಕಡೆಯ ಪುಟದ ಕೂಪನ್ನು ತುಂಬಿ ಕಳಿಸಿ ಎಂದು ಅಚ್ಚಾಗಿತ್ತು. ಒಂದು ಪ್ರತಿಗೆ ಒಂದು ಕೂಪನ್ನು, ಒಂದು ಕೂಪನ್ನಿಗೆ ಒಂದು ಮತ. ಗುಂಡ್ಲುಪೇಟೆಗೆ ಬಂದದ್ದು ಒಂದೇ.

ಕೈ ಎತ್ತಿಸಿ ಎಣಿಸಿದರು. ಕೋಟೆಗೆ ಐದು, ಚಂದ್ರನಿಗೆ ಐದು. ಮತ್ತೆ ಎಣಿಸಿದರೂ ಅಷ್ಟೇ. ಆಗ ಕಿಟಕಿಯ ಆಚೆಯಿಂದ ಮಾದಮ್ಮನ ದನಿ ಬಂತು.

‘ನಮ್ಮನ್ನೂ ಎಣಿಸ್ಕಳಿ ಬುದ್ಧಿ. ನಾವಿಲ್ಲಿ ಇಪ್ಪತ್ಮೂರು ಜನ ಇವಿ. ನಮ್ದು ನೆರಳಿಲ್ಲದೂರು.’

ಒಳಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಂಭುಲಿಂಗಪ್ಪ ನಕ್ಕುಬಿಟ್ಟರು.

‘ಅದೂ ಒಂದ್ ಕತೆಯೇನಮ್ಮಿ? ಒಬ್ಬ ರಾಜನಿಲ್ಲ, ಒಂದು ಭೂತ ಇಲ್ಲ.’

‘ವಿಜ್ಞಾನವೂ ಅಲ್ಲ,’ ಎಂದು ಮೇಷ್ಟ್ರು ಅಪರೂಪಕ್ಕೆ ಅವರ ಜೊತೆ ಸೇರಿದರು. ‘ಬೆಳಕು ಇದ್ದ ಮೇಲೆ ನೆರಳು ಇದ್ದೇ ಇರುತ್ತೆ.’

‘ಚಂದ್ರನ ಮ್ಯಾಲೆ ಒಂಬತ್ ದಿನ ಇದ್ಬುಟ್ಟು ಬಂದೋನ ನಂಬ್ತೀರಿ. ನೆರಳಿಲ್ದೆ ಒಂದಿನ ಬದ್ಕಿದೋರ ನಂಬಕ್ಕಿಲ್ವಾ ಮೇಷ್ಟ್ರೇ?’

ಶಂಭುಲಿಂಗಪ್ಪ ಕೂಪನ್ನನ್ನು ಎತ್ತಿ ಹಿಡಿದರು.

‘ನೋಡಮ್ಮಿ, ಇಲ್ಲಿ ಓದುಗರು ಅಂತ ಬರ್ದವ್ರೆ. ನಿಂಗೆ ಓದಕ್ ಬತ್ತದಾ?’

‘ಇಲ್ಲ ಬುದ್ಧಿ.’

‘ಕೇಳೋದು ಓದೋದಾಯ್ತದಾ?’

ಮಂಡಿಯಲ್ಲಿ ಎಷ್ಟೋ ಮಾತು ಕೇಳಿದ್ದವಳು ಮಾದಮ್ಮ, ಯಾವುದೂ ಇಷ್ಟು ಚುಚ್ಚಿರಲಿಲ್ಲ. ಅವಳದು ಎಂದು ಹೇಳಿಕೊಳ್ಳಲು ಈ ಊರಿನಲ್ಲಿ ಇದ್ದದ್ದೇ ಆ ಹ್ಞೂಂ ಒಂದು. ಅದನ್ನೇ ಲೆಕ್ಕಕ್ಕಿಲ್ಲ ಅಂದುಬಿಟ್ಟಿದ್ದರು. ಎದ್ದು ಸೀರೆ ಕೊಡವಿಕೊಂಡು ಮನೆಗೆ ನಡೆದಳು.

ಮುಂದಿನ ಶನಿವಾರ ಇಪ್ಪತ್ಮೂರು ಜನವೂ ಎಂದಿನಂತೆ ಬಂದು ಮರದ ಕೆಳಗೆ ಕೂತರು. ಮೇಷ್ಟ್ರು ಹೊಸ ಕತೆ ಶುರುಮಾಡಿದರು. ಮೊದಲ ವಾಕ್ಯ ಮುಗಿಸಿ ಕಿಟಕಿಯ ಕಡೆ ನೋಡಿದರು.

ಹ್ಞೂಂ ಬರಲಿಲ್ಲ.

ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಓದಿದರು. ಮರದ ಕೆಳಗೆ ಎಲ್ಲರೂ ಕಣ್ಣು ಬಿಟ್ಟುಕೊಂಡು ಅವರನ್ನೇ ನೋಡುತ್ತಿದ್ದರು, ತುಟಿ ಮಾತ್ರ ಬಿಚ್ಚಲಿಲ್ಲ. ಎರಡನೇ ವಾಕ್ಯಕ್ಕೆ ಮೇಷ್ಟ್ರ ನಾಲಿಗೆ ತೊಡರಿತು. ಮೂರನೆಯದಕ್ಕೆ ಎಲ್ಲಿ ಓದುತ್ತಿದ್ದೇನೆ ಎಂಬುದೇ ಮರೆಯಿತು.

‘ನಾನ್ ಹ್ಞೂಂ ಅಂತೀನಿ, ನೀವ್ ಓದಿ,’ ಎಂದರು ಶಂಭುಲಿಂಗಪ್ಪ. ಕತೆಯಲ್ಲಿ ಒಬ್ಬ ತಾಯಿ ಮಗನನ್ನು ಕಳೆದುಕೊಂಡು ಅಳುತ್ತಿದ್ದಳು. ‘ಹ್ಞಾಂ, ಭೇಷ್!’ ಎಂದುಬಿಟ್ಟರು. ಹೊರಗೆ ಮರಿತಾಯಮ್ಮ ಎಂಬ ಹೆಂಗಸು ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡಳು. ಮೇಷ್ಟ್ರು ಪತ್ರಿಕೆ ಮಡಚಿಟ್ಟು, ಗಂಟಲು ಸರಿಯಿಲ್ಲ ಎಂದು ಎದ್ದುಹೋದರು. ಅದರ ಮುಂದಿನ ವಾರವೂ ಹಾಗೇ ಆಯಿತು.

ಸೋಮವಾರ ಮಂಡಿಯಲ್ಲಿ ಶಂಭುಲಿಂಗಪ್ಪ ಅವಳ ಮುಂದೆ ಬಂದು ನಿಂತರು.

‘ಏನಮ್ಮಿ, ನಿಂದು ಜಾಸ್ತಿಯಾಯ್ತು. ಹಿಂಗೇ ಮಾಡುದ್ರೆ ನಾಳೆಯಿಂದ ಮಂಡಿ ಕಡೆ ಬರ್ಬೇಡ.’

‘ಆಗ್ಲಿ ಬುದ್ಧಿ,’ ಎಂದಳು ಮಾದಮ್ಮ, ಕೈಯಲ್ಲಿದ್ದ ಈರುಳ್ಳಿಯನ್ನು ಕೆಳಗೆ ಇಡದೆ. ‘ಈರುಳ್ಳಿ ಬ್ಯಾರೆ ಮಂಡೀಲೂ ಅದೆ. ಕತೆ ಇರದು ನಿಮ್ ಕಿಟ್ಕೀಲಿ ಒಂದೇ ಕಡೆ. ಮಂಡಿ ಬೇಕಾರೆ ಬುಟ್ಟೇನು, ಮರ ಬುಡಕ್ಕಿಲ್ಲ.’

ಪಕ್ಕದಲ್ಲಿ ಮೂಟೆ ಹೊತ್ತು ನಿಂತಿದ್ದ ಚಿಕ್ಕಮಾದುವಿನ ಬೆನ್ನಿನಿಂದ ಮೂಟೆ ಜಾರಿತು. ಮನೆಗೆ ಹೋದ ಮೇಲೆ ಅವನು ತಲೆ ಚಚ್ಚಿಕೊಂಡ.

‘ನಮ್ಗ್ಯಾಕಮ್ಮಿ ಈ ಊರ್ ಉಸಾಬರಿ? ಒಂದ್ ಹ್ಞೂಂ ಅಂದ್ಬುಟ್ರೆ ನಿನ್ ಗಂಟೇನು ಓಗದು?’

‘ಹ್ಞೂಂ ಅಂದ್ಕೊಂಡೇ ಇವತ್ತಿನ್ಗಂಟ ಬಂದಿವ್ನಿ. ಅದಾದ್ರೂ ಲೆಕ್ಕಕ್ಕೆ ಬರ್ಲಿ. ಸುಮ್ನಿರು ನೀನು.’

ಮಾರನೇ ದಿನ ಅವಳು ಮಂಡಿಗೆ ಹೋದಳು. ಅವಳ ಮುಂದೆ ಈರುಳ್ಳಿ ತಂದು ಸುರಿದರು. ಲಾರಿ ಕಾಯುತ್ತಿತ್ತು, ಅಷ್ಟು ಚೆನ್ನಾಗಿ ಆರಿಸುವವರು ಬೇರೆ ಯಾರೂ ಇರಲಿಲ್ಲ. ಶಂಭುಲಿಂಗಪ್ಪ ಈ ಕಡೆ ತಿರುಗಿ ನೋಡಲಿಲ್ಲ.

ಮೂರನೇ ಶನಿವಾರ ಬಂತು. ಆರು ಗಂಟೆಯ ಮೈಸೂರು ಬಸ್ಸಿನ ಅಂಚೆ ಚೀಲದಲ್ಲಿ ಹೋಗದಿದ್ದರೆ ಕೂಪನ್ನಿನ ವಾಯಿದೆ ಮುಗಿಯುತ್ತಿತ್ತು. ಒಳಗೆ ಮತ್ತೆ ಐದು ಐದು. ಮೇಷ್ಟ್ರಿಗೆ ತಾಳ್ಮೆ ತಪ್ಪಿತು.

‘ಏಳು ಬಾಗಿಲು ಏಳು ಬಾಗಿಲು ಅಂತೀರಲ್ಲ, ಆ ಬಾಗಿಲುಗಳಲ್ಲಿ ಏನೇನು ಇತ್ತು ಹೇಳಿ ನೋಡೋಣ. ಸರಿಯಾಗಿ ಹೇಳಿದರೆ ಚಂದ್ರನನ್ನ ಬಿಟ್ಟು ನಾನೇ ನಿಮ್ಮ ಕಡೆ ಕೈ ಎತ್ತುತ್ತೇನೆ.’

ಶಂಭುಲಿಂಗಪ್ಪ ಬೆರಳು ಮಡಚುತ್ತ ಶುರುಮಾಡಿದರು. ಮೊದಲ ಬಾಗಿಲು ರಾಜಕುಮಾರನ ಕತ್ತಿ ಕೇಳಿತು, ಎರಡನೆಯದು ಕಿರೀಟ ಕೇಳಿತು, ಮೂರನೆಯದು... ಅಲ್ಲಿಗೆ ನಿಂತರು. ನೋಡಿ ಹೇಳೋಣವೆಂದರೆ ಆ ಸಂಚಿಕೆಯೇ ಇರಲಿಲ್ಲ. ಅವರೇ ಮನೆಗೆ ಒಯ್ದು ಜಗಲಿಯ ಮೇಲೆ ಇಟ್ಟಿದ್ದಾಗ ಅವರದೇ ಕರು ಅದನ್ನು ತಿಂದುಹಾಕಿತ್ತು. ಹಣೆ ಒರೆಸಿಕೊಳ್ಳುತ್ತ ಕಿಟಕಿಯ ಕಡೆ ತಿರುಗಿದರು.

‘ಲೇ ಮಾದಮ್ಮಿ, ನಿಂಗ್ ಗೊತ್ತಲ್ಲ. ಯೋಳಿ ಇವ್ರ ಬಾಯ್ ಮುಚ್ಸು.’

ಮಾದಮ್ಮ ಎದ್ದಳು. ಮರದ ಕೆಳಗಿನಿಂದಲೇ ಹೇಳಬಹುದಿತ್ತು, ಅವಳ ದನಿಯೂ ಸಣ್ಣದಲ್ಲ. ಆದರೆ ಅವಳು ನಡೆದುಬಂದು ಬಾಗಿಲಲ್ಲಿ ನಿಂತಳು. ಬೆನ್ನ ಹಿಂದೆ ಇಳಿಬಿಸಿಲು. ಅವಳ ನೆರಳು ಹೊಸಿಲು ದಾಟಿ, ನೆಲದ ಮೇಲೆ ಚಾಚಿ, ಶಂಭುಲಿಂಗಪ್ಪನವರ ಬಿಳಿ ಪಂಚೆಯ ಮೇಲೆ ಬಿತ್ತು. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಅವಳು ನೋಡಿದಳು, ನಿಂತಲ್ಲಿಂದ ಕದಲಲಿಲ್ಲ.

‘ಮೂರನೇ ಬಾಗ್ಲು ಕೇಳ್ತು: ನಿನ್ನವ್ವನ ಮೊಕದ ನೆಪ್ಪು ಕೊಡು. ಅವ್ನು ಅತ್ಕೊಂಡು ಕೊಟ್ಟ.’

‘ಹ್ಞೂಂ,’ ಎಂದರು ಯಾರೋ.

‘ನಾಕ್ನೇ ಬಾಗ್ಲು ಕೇಳ್ತು: ನಿನ್ ಊರ್ ದಾರಿ ಮರ್ತುಬುಡು. ಮರ್ತುಬುಟ್ಟ. ಈಗ ಮುಂದುಕ್ ಓಗದೇ ಸೈ, ಇಂದುಕ್ ಬರಂಗಿಲ್ಲ.’

‘ಹ್ಞೂಂ.’

‘ಐದನೇ ಬಾಗ್ಲು ಅವ್ನ್ ಹೆಸ್ರು ಕೇಳ್ತು. ಹೆಸ್ರು ಕೊಟ್ಮೇಲೆ ರಾಜ್ನೂ ಅಲ್ಲ, ಆಳೂ ಅಲ್ಲ, ಬರೀ ಮನ್ಸ.’

‘ಹ್ಞೂಂ.’

ಹಾಗೆ ಅನ್ನುತ್ತಿದ್ದವರು ಶಂಭುಲಿಂಗಪ್ಪನವರೇ. ಮುಂದಕ್ಕೆ ಬಗ್ಗಿ ಕೂತಿದ್ದರು, ಬಾಯಿ ಸ್ವಲ್ಪ ತೆರೆದಿತ್ತು, ಹಿಂದಕ್ಕೆ ಎಳೆದುಕೊಂಡಿದ್ದ ಕಾಲು ಯಾವಾಗಲೋ ಮತ್ತೆ ನೆರಳಿನೊಳಕ್ಕೆ ಬಂದಿತ್ತು. ಹ್ಞೂಂ ಕೂಡ ಒಂದು ಚೂರೂ ತಪ್ಪಿರಲಿಲ್ಲ. ಆರನೇ ಬಾಗಿಲು ರಾಜಕುಮಾರನ ಕಣ್ಣು ಕೇಳಿತು. ಕತ್ತಲಲ್ಲಿ ತಡಕಾಡುತ್ತ ಅವನು ಏಳನೇ ಬಾಗಿಲಿನ ಮೇಲೆ ಕೈ ಇಟ್ಟ. ಅಲ್ಲಿಗೆ ಮಾದಮ್ಮ ನಿಲ್ಲಿಸಿದಳು.

‘ಹ್ಞೂಂ,’ ಎಂದರು ಶಂಭುಲಿಂಗಪ್ಪ. ಅವಳು ಮುಂದಕ್ಕೆ ಹೋಗಲಿಲ್ಲ. ‘ಹ್ಞೂಂ, ಯೋಳು. ಏಳ್ನೇ ಬಾಗ್ಲು?’

‘ಬುದ್ಧಿ, ನೀವೀಗ ಓದ್ತಿದ್ರಾ, ಕೇಳ್ತಿದ್ರಾ?’

ಶಂಭುಲಿಂಗಪ್ಪನವರ ಮುಖ ಕಿವಿಯವರೆಗೂ ಕೆಂಪಾಯಿತು.

‘ನೀನ್ ಮೊದ್ಲು ಬಾಗ್ಲು ತೆಗಿ.’

‘ನೀವ್ ಮೊದ್ಲು ಕೂಪನ್ನು ತೆಗೀರಿ.’

ಹೊರಗಿನ ಇಪ್ಪತ್ತೆರಡು ಜನ ಕಿಟಕಿಗೆ ಮುತ್ತಿಕೊಂಡಿದ್ದರು. ಅವರ ನೆರಳೂ ಒಳಗೆ ಬಿದ್ದು ಎರಡು ಬೆಂಚೂ ಮುಚ್ಚಿಹೋಗಿದ್ದವು. ಮೊದಲು ನಕ್ಕವರು ಮೇಷ್ಟ್ರು. ‘ಯಜಮಾನರೇ, ನಾವು ಹತ್ತು ಜನರಲ್ಲಿ ಓದಿದವನು ನಾನೊಬ್ಬನೇ. ಒಂಬತ್ತು ಜನ ನೀವೂ ಕೇಳಿದವರೇ. ಇವರನ್ನು ಬಿಡಬೇಕಾದರೆ ನಿಮ್ಮನ್ನೂ ಬಿಡಬೇಕಾಗುತ್ತೆ,’ ಎಂದು ಹೇಳಿ ಕೈ ಚಾಚಿದರು. ಶಂಭುಲಿಂಗಪ್ಪ ಇನ್ನೂ ಒಂದು ಕ್ಷಣ ಬಿಗಿಯಾಗಿ ಹಿಡಿದಿದ್ದು, ಕೂಪನ್ನು ಕೊಟ್ಟುಬಿಟ್ಟರು. ಐದು, ಐದು, ಇಪ್ಪತ್ಮೂರು. ಎಣಿಸಲು ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ.

ಕತೆಯ ಹೆಸರಿನ ಎದುರಿಗೆ ಮೇಷ್ಟ್ರು ‘ನೆರಳಿಲ್ಲದ ಊರು’ ಎಂದು ಬರೆದರು. ಓದುಗರ ಹೆಸರು ಅಂತ ಇದ್ದ ಕಡೆ ವಾಚನಾಲಯದ ಹೆಸರು ಹಾಕಿ ಎಂದು ಶಂಭುಲಿಂಗಪ್ಪ ಗೊಣಗಿದರು.

‘ನನ್ನೆಸ್ರು ಬರೀರಿ,’ ಎಂದಳು ಮಾದಮ್ಮ.

‘ವಿಳಾಸ?’

‘ಹೊಂಗೆ ಮರದ ಕೆಳುಗೆ, ವಾಚನಾಲಯದ ಎದ್ರುಗೆ, ಗುಂಡ್ಲುಪೇಟೆ.’

ಮೇಷ್ಟ್ರ ಪೆನ್ನು ನಿಂತಿತು. ಶಂಭುಲಿಂಗಪ್ಪನವರ ಕಡೆ ಒಮ್ಮೆ ನೋಡಿದರು. ಆಮೇಲೆ ಅವಳು ಹೇಳಿದ್ದನ್ನೇ ಬರೆದರು. ವಾಚನಾಲಯದ ಮೊಹರಿನ ಶಾಯಿಗೆ ಅವಳು ಹೆಬ್ಬೆರಳು ಅದ್ದಿ ಒತ್ತಿದಳು. ಕೂಪನ್ನಿಗೆ ಈರುಳ್ಳಿಯ ವಾಸನೆ ಹತ್ತಿತು. ಆಮೇಲೆ ಏಳನೇ ಬಾಗಿಲು ತೆಗೆದಳು. ಅದು ಏನನ್ನೂ ಕೇಳಲಿಲ್ಲ, ಮೊದಲಿಂದಲೂ ಅದಕ್ಕೆ ಬೀಗವೇ ಇರಲಿಲ್ಲ. ಶಂಭುಲಿಂಗಪ್ಪ ಉಸಿರು ಬಿಟ್ಟರು.

ಪದಕ ‘ಚಂದ್ರನಲ್ಲಿ ಒಂಬತ್ತು ದಿನ’ಕ್ಕೆ ಹೋಯಿತು. ಆ ಸಂಚಿಕೆ ಬಂದದ್ದು ಮಾರ್ಚಿನಲ್ಲಿ. ಮೇಷ್ಟ್ರು ಊರೆಲ್ಲ ಕಲ್ಲುಸಕ್ಕರೆ ಹಂಚಿ, ಸಂಜೆ ಫಲಿತಾಂಶ ಓದಲು ಕೂತರು. ‘ನೆರಳಿಲ್ಲದ ಊರು’ ಎಂಬ ಕತೆಗೆ ಬಂದ ಮತ ಹದಿನಾಲ್ಕು. ಶಂಭುಲಿಂಗಪ್ಪನವರ ಕೋಟೆಗೆ ನೂರರ ಮೇಲೆ ಬಂದಿತ್ತು.

‘ಸೋತೋಯ್ತಲ್ಲಮ್ಮಿ ನಿನ್ ಕತೆ!’ ಎಂದು ಅವರು ಒಳಗಿನಿಂದ ಕೂಗಿದರು.

‘ಅದ್ನಾಕ್ ಜನಕ್ಕೆ ನೆರಳಿನ ಭಾರ ಗೊತ್ತದೆ ಬುದ್ಧಿ. ಅವ್ರೆಲ್ಲ ಎಲ್ಲೆಲ್ಲಿ ಕೂತ್ಕಂಡು ಓದುದ್ರೋ ಅಂತ ನಂಗೂ ಗೊತ್ತದೆ.’

ಮೇಷ್ಟ್ರು ಹಾಳೆ ತಿರುಗಿಸಿದರು. ಮತ ಕೊಟ್ಟವರ ಹೆಸರುಗಳನ್ನು ಸಂಪಾದಕರು ಊರುವಾರು ಅಚ್ಚು ಹಾಕಿದ್ದರು, ಒಂದು ಅಕ್ಷರವನ್ನೂ ತಿದ್ದಿರಲಿಲ್ಲ. ಮೇಷ್ಟ್ರು ಓದಿದರು: ‘ದೊಡ್ಡಮಾದಮ್ಮ, ಹೊಂಗೆ ಮರದ ಕೆಳಗೆ, ವಾಚನಾಲಯದ ಎದುರಿಗೆ, ಗುಂಡ್ಲುಪೇಟೆ.’

ಓದಿದ ಮೇಲೆ ಅವರು ತಲೆ ಎತ್ತಲಿಲ್ಲ. ವಾಚನಾಲಯದ ಒಬ್ಬ ಓದುಗಿ ವಾಚನಾಲಯದ ಎದುರಿಗೆ ಮರದ ಕೆಳಗೆ ಯಾಕೆ ಕೂರುತ್ತಾಳೆ ಎಂದು ಮೈಸೂರಿನಲ್ಲಿ, ಬೆಂಗಳೂರಿನಲ್ಲಿ, ಸಂತೆಮರಹಳ್ಳಿಯಲ್ಲಿ, ಆ ಪತ್ರಿಕೆ ಹೋದ ಕಡೆಯಲ್ಲೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ. ಶಂಭುಲಿಂಗಪ್ಪ ಪತ್ರಿಕೆ ಕಿತ್ತುಕೊಂಡು ತಾವೇ ಒಂದು ಸಲ ಓದಿ ನೋಡಿದರು. ಅಚ್ಚಾದದ್ದನ್ನು ಅಳಿಸುವಂತಿರಲಿಲ್ಲ.

‘ಊರ್ ಮಾನ ಕಳ್ದುಬುಟ್ಟೆಯಲ್ಲಮ್ಮಿ,’ ಎಂದರು, ದನಿ ತಗ್ಗಿಸಿ.

‘ನಾನ್ ಕೂತಿರ ಜಾಗ ಯೋಳ್ದೆ, ಅಷ್ಟೇಯ. ಮಾನ ಓಯ್ತು ಅಂದ್ರೆ ಓಗಿರದು ಆ ಜಾಗ್ದಿಂದ.’

ಮಾದಮ್ಮ ಮರದ ಕೆಳಗಿನಿಂದ ಎದ್ದಳು. ಸೀರೆಯ ಧೂಳು ಕೊಡವಿದಳು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ಹೊಸಿಲು ದಾಟಿ ಒಳಗೆ ಬಂದು ಮುಂದಿನ ಬೆಂಚಿನ ಎದುರು ನಿಂತಳು. ಅವಳ ಹಿಂದೆ ಮರಿತಾಯಮ್ಮ, ಅವಳ ಹಿಂದೆ, ಹೊಸಿಲಲ್ಲಿ ಒಮ್ಮೆ ಹಿಂದೆ ತಿರುಗಿ ನೋಡಿ, ಚಿಕ್ಕಮಾದು.

‘ಒಸಿ ಜಾಗ ಬುಡಿ ಬುದ್ಧಿ. ಮುಂದಿನ್ ವರ್ಸದ ಕೂಪನ್ನಿಗೆ ವಿಳಾಸ ಬದ್ಲಾಯ್ಸಬೇಕು.’

ಶಂಭುಲಿಂಗಪ್ಪ ಅವಳನ್ನು ನೋಡಿದರು, ಕೈಯಲ್ಲಿದ್ದ ಪತ್ರಿಕೆಯನ್ನು ನೋಡಿದರು. ಆಮೇಲೆ ಪಂಚೆ ಎತ್ತಿಕೊಂಡು ಬೆಂಚಿನ ತುದಿಗೆ ಸರಿದರು. ಅವಳು ಕೂತಳು. ಮೇಷ್ಟ್ರು ಪತ್ರಿಕೆ ವಾಪಸು ತೆಗೆದುಕೊಂಡು, ಹೊಸ ಕತೆಯ ಮೊದಲ ವಾಕ್ಯ ಓದಿ, ಅಭ್ಯಾಸಬಲದಿಂದ ಕಿಟಕಿಯ ಕಡೆ ನೋಡಿದರು. ಆ ದಿನ ಹ್ಞೂಂ ಬಂದದ್ದು ಅವರ ಪಕ್ಕದಿಂದ.